ಮಾಯದ ಹುಣ್ಣಿಗೆ ಕೆಂಪು ಬೆಳಕು: ಡೋಸ್ ಲೆಕ್ಕ ನಾವೇ ಹಾಕಬೇಕು

ನಾನು ಬೆಳಕಿನ ಚಿಕಿತ್ಸೆ ಕೊಡುವುದು ಮುಖ್ಯವಾಗಿ ಎರಡು ಬಗೆಯ ಗಾಯಕ್ಕೆ: ಪಾದದ ಗಂಟಿನ ಮೇಲ್ಭಾಗದ ವೆರಿಕೋಸ್ (ಉಬ್ಬಿದ ರಕ್ತನಾಳದ) ಹುಣ್ಣು, ಹಾಸಿಗೆ ಹಿಡಿದ ವೃದ್ಧರ ಹಿಮ್ಮಡಿಯ ಬೆಡ್ ಸೋರ್. ಎರಡರಲ್ಲೂ ಯಂತ್ರ ಕೊನೆಗೆ ಬರುತ್ತದೆ. ರಕ್ತ ಸರಿಯಾಗಿ ಹರಿಯದ ಕಾಲಿಗೆ, ಭಾರ ತಪ್ಪದ ಹಿಮ್ಮಡಿಗೆ ಎಷ್ಟು ಬೆಳಕು ಬಿಟ್ಟರೂ ಗಾಯ ಮುಚ್ಚುವುದಿಲ್ಲ.

ಮೊದಲು ಕೈಯಲ್ಲಿ ಹಿಡಿಯುವ ಡಾಪ್ಲರ್ (ರಕ್ತದ ಹರಿವನ್ನು ಕೇಳಿಸುವ ಸಾಧನ) ಇಟ್ಟು ಪಾದದ ಗಂಟಿನ ಬಿ.ಪಿ. ನೋಡಿ, ಅದನ್ನು ತೋಳಿನ ಬಿ.ಪಿ.ಯಿಂದ ಭಾಗಿಸುತ್ತೇನೆ. 0.8ಕ್ಕಿಂತ ಕಡಿಮೆ ಬಂದರೆ ವೆರಿಕೋಸ್ ಹುಣ್ಣಿಗೆ ಸುತ್ತುವ ಬಿಗಿ ಬ್ಯಾಂಡೇಜ್ ಸುತ್ತುವುದಿಲ್ಲ. 0.5ಕ್ಕೂ ಕೆಳಗಿದ್ದರೆ ರಕ್ತನಾಳದ ಸರ್ಜನ್ ಹತ್ತಿರ ಕಳಿಸುತ್ತೇನೆ. ಹಳೆಯ ಶುಗರ್ ರೋಗಿಗಳಲ್ಲಿ 1.3 ದಾಟಿದರೆ ರಕ್ತ ಚೆನ್ನಾಗಿ ಹರಿಯುತ್ತಿದೆ ಎಂದಲ್ಲ, ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾಗಿದೆ ಎಂದು. ಆ ಅಂಕಿಯನ್ನು ನಂಬಬಾರದು. ಹಿಮ್ಮಡಿ ಹುಣ್ಣಾದರೆ ದಿಂಬನ್ನು ಮೀನಖಂಡದ ಅಡಿಗೆ ಉದ್ದಕ್ಕೆ ಇಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು. ಮನೆಯವರು ಬಹಳ ಸಲ ದಿಂಬನ್ನು ಹಿಮ್ಮಡಿಗೇ ಇಟ್ಟಿರುತ್ತಾರೆ.

ಇನ್ನು ಬೆಳಕು. ಮೇಲ್ಮೈ ಗಾಯಕ್ಕೆ 660 ನ್ಯಾನೋಮೀಟರ್ ಆಸುಪಾಸಿನ ಕೆಂಪು ಸಾಕು. 810ರಿಂದ 850ರ ಇನ್‌ಫ್ರಾರೆಡ್ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ನಾನು ಚದರ ಸೆಂ.ಮೀ.ಗೆ 4 ಜೂಲ್‌ನಿಂದ (ಜೂಲ್ ಅಂದರೆ ಶಕ್ತಿಯ ಅಳತೆ) ಶುರು ಮಾಡುತ್ತೇನೆ. ಯಂತ್ರದ ಮೇಲಿನ ‘ಗಾಯ’ ಎಂಬ ಬಟನ್ ಒತ್ತುವುದಿಲ್ಲ, ಅದು ಎಷ್ಟು ಜೂಲ್ ಕೊಡುತ್ತಿದೆ ಎಂದು ಎಷ್ಟೋ ಯಂತ್ರಗಳು ಹೇಳುವುದೇ ಇಲ್ಲ. ಲೆಕ್ಕ ಸುಲಭ: ಚದರ ಸೆಂ.ಮೀ.ಗೆ 50 ಮಿಲಿವ್ಯಾಟ್ ಬೀಳುತ್ತಿದ್ದರೆ 80 ಸೆಕೆಂಡಿಗೆ 4 ಜೂಲ್. ಪಲ್ಸ್ ಮೋಡ್‌ನಲ್ಲಿ ಅರ್ಧ ಹೊತ್ತು ಮಾತ್ರ ಬೆಳಕು ಉರಿಯುತ್ತಿದ್ದರೆ ಸರಾಸರಿ 25 ಮಿಲಿವ್ಯಾಟ್, ಆಗ 160 ಸೆಕೆಂಡ್ ಬೇಕು. ಇದನ್ನು ಮರೆತು ಅರ್ಧ ಡೋಸ್ ಕೊಟ್ಟು ‘ಬೆಳಕು ಕೆಲಸ ಮಾಡಲಿಲ್ಲ’ ಅನ್ನುವವರು ಕಡಿಮೆಯಿಲ್ಲ.

ಹೆಡ್‌ನ, ಅಂದರೆ ಯಂತ್ರದಲ್ಲಿ ಬೆಳಕು ಹೊರಬರುವ ಭಾಗದ ಆಯ್ಕೆಯೂ ಈ ಲೆಕ್ಕದಿಂದಲೇ ಆಗುತ್ತದೆ. 6×4 ಸೆಂ.ಮೀ. ಗಾಯಕ್ಕೆ ಸುತ್ತಲೂ ಒಂದು ಸೆಂ.ಮೀ. ಅಂಚು ಸೇರಿಸಿದರೆ 8×6, ಅಂದರೆ 48 ಚದರ ಸೆಂ.ಮೀ. 100 ಮಿಲಿವ್ಯಾಟ್‌ನ ಒಂಟಿ ಲೇಸರ್ ಪ್ರೋಬ್‌ನಲ್ಲಿ ಪ್ರತಿ ಚದರ ಸೆಂ.ಮೀ.ಗೆ 40 ಸೆಕೆಂಡ್. ಒಟ್ಟು 32 ನಿಮಿಷ. ಬಡಕಲಾದ ಅಜ್ಜಿಯೊಬ್ಬರು ಅಷ್ಟು ಹೊತ್ತು ಒಂದೇ ಮಗ್ಗುಲಲ್ಲಿ ಮಲಗಿದರೆ ಸೊಂಟದಲ್ಲಿ ಇನ್ನೊಂದು ಹುಣ್ಣಿಗೆ ದಾರಿ ಮಾಡಿಕೊಟ್ಟ ಹಾಗೆ. 20 ಚದರ ಸೆಂ.ಮೀ.ನ ಎಲ್‌ಇಡಿ ಕ್ಲಸ್ಟರ್‌ನಲ್ಲಿ (ಹಲವು ಎಲ್‌ಇಡಿ ಸೇರಿದ ಹೆಡ್), ಮೇಲಿನ 50 ಮಿಲಿವ್ಯಾಟ್ ಲೆಕ್ಕದಲ್ಲೇ, ಮೂರು ಕಡೆ ಇಟ್ಟರೆ 4 ನಿಮಿಷಕ್ಕೆ ಮುಗಿಯುತ್ತದೆ.

ಡ್ರೆಸಿಂಗ್ ಬದಲಿಸುವ ದಿನವೇ ಬೆಳಕು, ವಾರಕ್ಕೆ ಎರಡು ಅಥವಾ ಮೂರು ಸಲ. ಬೆಳಕಿಗಾಗಿಯೇ ಬೇರೆ ದಿನ ಬಿಚ್ಚಿದರೆ ಗಾಯ ತಣ್ಣಗಾಗಿ ಮಾಯುವುದು ನಿಧಾನವಾಗುತ್ತದೆ. ಕಾಗದದಷ್ಟು ತೆಳುವಾದ ಚರ್ಮ ಪ್ಲಾಸ್ಟರ್ ಜೊತೆಗೇ ಕಿತ್ತು ಬರುತ್ತದೆ. ನೋವಿರುವವರಿಗೆ, ವೈದ್ಯರು ಬರೆದಿದ್ದರೆ, ಅರ್ಧ ಗಂಟೆ ಮುಂಚೆ ಪ್ಯಾರಾಸಿಟಮಾಲ್ ಕೊಡಿಸುತ್ತೇನೆ. ನಾರ್ಮಲ್ ಸಲೈನ್‌ನಲ್ಲಿ ತೊಳೆದು, ಕರಿ ಪೊರೆ, ಹಳದಿ ಲೋಳೆ ಇದ್ದರೆ ಮೊದಲು ತೆಗೆಸಬೇಕು. ಸತ್ತ ಪದರದ ಮೇಲೆ ಬಿದ್ದ ಬೆಳಕು ಅಲ್ಲೇ ಉಳಿಯುತ್ತದೆ. ಆದರೆ ರಕ್ತ ಕಡಿಮೆಯಿರುವ ಹಿಮ್ಮಡಿಯ ಮೇಲಿನ ಒಣ, ಗಟ್ಟಿ ಕರಿ ಪೊರೆಯನ್ನು ಮುಟ್ಟಬಾರದು, ಅಂಥ ಗಾಯಕ್ಕೆ ಬೆಳಕನ್ನೂ ಬಿಡುವುದಿಲ್ಲ. ಬಿಳಿ ಸಿಲ್ವರ್ ಕ್ರೀಮ್, ಮನೆಯಲ್ಲಿ ಹಚ್ಚಿದ ಅರಿಶಿನ ಪುಡಿ, ಎಲ್ಲ ಪೂರ್ತಿ ಹೋಗಬೇಕು.

ಹೆಡ್‌ಗೆ ಹೊಸ ಕ್ಲಿಂಗ್ ಫಿಲ್ಮ್ (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಒಂದೇ ಪದರ ಸುತ್ತಿ, ಗಾಯಕ್ಕೆ ನೇರವಾಗಿ, ತಾಗದಂತೆ ಹತ್ತಿರ ಹಿಡಿಯುತ್ತೇನೆ. ಓರೆಯಾದರೆ, ದೂರವಾದರೆ ಡೋಸ್ ಇಳಿಯುತ್ತದೆ. ಲೇಸರ್ ಆದರೆ ಆ ತರಂಗಾಂತರದ್ದೇ ಕನ್ನಡಕ ಇಬ್ಬರಿಗೂ ಕಡ್ಡಾಯ; ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ಕೋಣೆಯ ಕನ್ನಡಿಗೆ ಬಟ್ಟೆ ಮುಚ್ಚಬೇಕು. ಇನ್‌ಫ್ರಾರೆಡ್ ಕಣ್ಣಿಗೆ ಕಾಣದು, ಹೆಡ್ ಉರಿಯುತ್ತಿದೆಯೇ ಎಂದು ಮೊಬೈಲ್ ಕ್ಯಾಮೆರಾದಲ್ಲಿ ನೋಡಬಹುದು. ಎಷ್ಟು ಬಲವಾಗಿದೆ ಎಂದು ತಿಳಿಯಲು ಪವರ್ ಮೀಟರ್ರೇ ಬೇಕು.

ಹೆಚ್ಚು ಕೊಟ್ಟರೆ ಬೇಗ ಮಾಯುತ್ತದೆ ಎಂಬುದು ಮನೆಯವರ ಒತ್ತಾಯ. ಈ ಚಿಕಿತ್ಸೆ ನಿಂತಿರುವುದೇ ಕಡಿಮೆ ಶಕ್ತಿಯ ಮೇಲೆ: 1960ರ ದಶಕದಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೋಳಿಸಿದ ಚರ್ಮಕ್ಕೆ ಮಂದ ಲೇಸರ್ ಬಿಟ್ಟಾಗ ಕೂದಲು ಬೇಗ ಬೆಳೆಯಿತು. ಡೋಸ್ ಏರಿಸುತ್ತ ಹೋದರೆ ಒಂದು ಹಂತದ ನಂತರ ಪರಿಣಾಮ ಉಲ್ಟಾ ಹೊಡೆಯುತ್ತದೆ. ಮರುದಿನ ಅಂಚು ಕೆಂಪಾಗಿ ನೋವು ಹೆಚ್ಚಿದರೆ 4ನ್ನು 2ಕ್ಕೆ ಇಳಿಸುತ್ತೇನೆ. ಬಿಸಿ, ವಾಸನೆ, ಕೀವು ಇದ್ದರೆ ಅದು ಸೋಂಕು, ವೈದ್ಯರ ಕೆಲಸ. ನಮ್ಮ ಕಪ್ಪು ಚರ್ಮ ಬೆಳಕನ್ನು ಹೆಚ್ಚು ಹೀರಿ ಬೇಗ ಬಿಸಿಯಾಗುತ್ತದೆ, ಶುಗರ್‌ನಿಂದ ಪಾದ ಮರಗಟ್ಟಿದವರಿಗೆ ಸುಟ್ಟರೂ ಗೊತ್ತಾಗದು. ಹಾಗಾಗಿ ಅರ್ಧ ವ್ಯಾಟ್ ಮೀರಿದ ಲೇಸರ್ ಇಂಥವರಿಗೆ ಬಳಸುವುದಿಲ್ಲ.

ಪ್ರತಿ ವಾರ ಅದೇ ಭಂಗಿಯಲ್ಲಿ ಉದ್ದ, ಅಗಲ ಅಳೆದು ಸ್ಕೇಲ್ ಇಟ್ಟು ಫೋಟೋ ತೆಗೆಯುತ್ತೇನೆ. ವೆರಿಕೋಸ್ ಹುಣ್ಣು 4 ವಾರಕ್ಕೆ ಸುಮಾರು ಶೇ. 40ರಷ್ಟು ಕುಗ್ಗದಿದ್ದರೆ ಬೆಳಕು ಮುಂದುವರಿಸುವ ಬದಲು ಬ್ಯಾಂಡೇಜಿನ ಬಿಗಿ, ಶುಗರ್, ಊಟದ ಪ್ರೋಟೀನ್ ಮತ್ತೆ ನೋಡಬೇಕು. ಮೂತ್ರಪಿಂಡ ಸರಿಯಿದ್ದರೆ ದೇಹತೂಕದ ಕೆ.ಜಿ.ಗೆ ದಿನಕ್ಕೆ 1.25ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಗಂಜಿ, ಬ್ರೆಡ್‌ನಲ್ಲಿ ಅದು ಸಿಗದು. ತಿಂಗಳುಗಟ್ಟಲೆ ಮಾಯದೆ ಅಂಚು ಎತ್ತರಿಸಿ, ಮುಟ್ಟಿದರೆ ರಕ್ತ ಒಸರುವ ಹುಣ್ಣು ಕ್ಯಾನ್ಸರ್‌ಗೆ ತಿರುಗಿರಬಹುದು. ಬಯಾಪ್ಸಿ ವರದಿ ಕೈಗೆ ಬರುವವರೆಗೆ ಅದರ ಮೇಲೆ ಹೆಡ್ ಇಡುವುದಿಲ್ಲ.