ವಲಸೆಯ ಅಂಕಿ-ಅಂಶಗಳನ್ನು ಜಾಲತಾಣದಲ್ಲಿ ಪ್ರಕಟಿಸುವ ಕ್ರಮವನ್ನು ಬದಲಿಸುವುದು ಹೇಗೆ?

ಸಕಲೇಶಪುರ, ಮೂಡಿಗೆರೆಯ ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಯಿತೆಂದರೆ, ಹೊರ ರಾಜ್ಯಗಳಿಂದ ಎಷ್ಟು ಕಾರ್ಮಿಕರು ಬಂದಿದ್ದಾರೆ ಎಂಬ ಪ್ರಶ್ನೆಯೂ ಅದರ ಜೊತೆಗೇ ಏಳುತ್ತದೆ. ಸಭೆಗಳಲ್ಲಿ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುವುದಕ್ಕೆ ಮಾಹಿತಿಯ ಕೊರತೆಯೊಂದೇ ಕಾರಣವಲ್ಲ. ಸರ್ಕಾರದ ಬಳಿ ಇರುವ ಮಾಹಿತಿಯೂ ಹುಡುಕುವವರ ಕೈಗೆ ಸಿಗದ ರೂಪದಲ್ಲಿ ಜಾಲತಾಣಗಳಲ್ಲಿ ಬಿದ್ದಿರುತ್ತದೆ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿಯ ಸಿಬ್ಬಂದಿ, ಜಿಲ್ಲೆಯ ಜಾಲತಾಣವನ್ನು ನೋಡಿಕೊಳ್ಳುವವರು ಹಾಗೂ ಅವರಿಗೆ ನೆರವಾಗಬಲ್ಲ ಕಾಲೇಜು ಅಧ್ಯಾಪಕರು ಈ ಸ್ಥಿತಿಯನ್ನು ಸರಿಪಡಿಸಲು ಏನು ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಜಾಲತಾಣದ ವಿನ್ಯಾಸಕ್ಕೆ ಕೈ ಹಾಕುವ ಮೊದಲು ಜನ ಏನು ಕೇಳುತ್ತಿದ್ದಾರೆ ಎಂಬುದನ್ನು ಒಂದೆಡೆ ಬರೆದಿಟ್ಟುಕೊಳ್ಳಬೇಕು. ಕಚೇರಿಗೆ ಬಂದ ಪತ್ರಗಳು, ಮಾಹಿತಿ ಹಕ್ಕಿನ ಅರ್ಜಿಗಳು, ದೂರವಾಣಿಯಲ್ಲಿ ಕೇಳಿದ ಸಂಗತಿಗಳು ಇವೆಲ್ಲವೂ ಈ ಪಟ್ಟಿಗೆ ಸೇರಲಿ. ಶಿಕ್ಷಣ ಇಲಾಖೆಗೆ ಲೈನ್ ಮನೆಗಳಲ್ಲಿ (ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ) ಇರುವ ಮಕ್ಕಳ ಸಂಖ್ಯೆ ಬೇಕು, ಆರೋಗ್ಯ ಇಲಾಖೆಗೆ ಲಸಿಕೆ ಹಾಕಬೇಕಾದ ಶಿಶುಗಳ ಸಂಖ್ಯೆ ಬೇಕು, ತೋಟದ ಮಾಲೀಕರಿಗೆ ಯಾವ ತಿಂಗಳಲ್ಲಿ ಎಷ್ಟು ಜನ ಬರುತ್ತಾರೆ ಎಂಬುದು ಬೇಕು. ಈ ಪ್ರಶ್ನೆಗಳೇ ಪುಟದ ಶೀರ್ಷಿಕೆಗಳಾಗಬೇಕು. ಬ್ರಿಟನ್ನಿನ ಗೃಹ ಇಲಾಖೆ ಮೂರು ತಿಂಗಳಿಗೊಮ್ಮೆ ಹೊರತರುವ ವಲಸೆ ಅಂಕಿ-ಅಂಶಗಳು ಇದಕ್ಕೆ ಒಳ್ಳೆಯ ಮಾದರಿ. ಎಷ್ಟು ಜನರಿಗೆ ಆಶ್ರಯ ನೀಡಲಾಗಿದೆ ಎಂಬಂಥ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು, ಉತ್ತರವನ್ನು ಸಾಮಾನ್ಯ ಜಾಲಪುಟದಲ್ಲಿ ಬರೆದು, ಸಾರಾಂಶದ ಕೋಷ್ಟಕಗಳನ್ನೂ ವಿವರವಾದ ದತ್ತಾಂಶವನ್ನೂ ಬೇರೆ ಬೇರೆ ಕಡತಗಳಾಗಿ ಅಲ್ಲಿ ಕೊಡಲಾಗುತ್ತದೆ. ನಮ್ಮಲ್ಲಿ ಇಲಾಖೆಯ ಕಡತದ ಹೆಸರೇ ಕೊಂಡಿಯ ಹೆಸರೂ ಆಗಿರುವುದರಿಂದ, ಕೋಷ್ಟಕದ ಸಂಖ್ಯೆ ಗೊತ್ತಿದ್ದವರಿಗೆ ಮಾತ್ರ ಒಳಗೆ ಏನಿದೆ ಎಂಬುದು ತಿಳಿಯುತ್ತದೆ.

ಮುಂದಿನದು ವ್ಯಾಖ್ಯೆ. ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ ಆದ್ದರಿಂದ ಇದಕ್ಕೆ ಸಾಕಷ್ಟು ಸಮಯ ಕೊಡಬೇಕು. ಜನಗಣತಿಯು ಹುಟ್ಟಿದ ಸ್ಥಳ ಮತ್ತು ಹಿಂದಿನ ವಾಸಸ್ಥಳ ಎಂಬ ಎರಡು ಆಧಾರಗಳ ಮೇಲೆ ವಲಸಿಗರನ್ನು ಗುರುತಿಸುತ್ತದೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ ಹೀಗೆ ಗುರುತಿಸಲ್ಪಟ್ಟವರು 45 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಮಹಿಳೆಯರ ವಲಸೆಗೆ ಮದುವೆಯೇ ಕಾರಣ. ಅಂದರೆ ಅರಕಲಗೂಡಿನಿಂದ ಬೇಲೂರಿಗೆ ಸೊಸೆಯಾಗಿ ಬಂದವರೂ, ಜಾರ್ಖಂಡಿನಿಂದ ಕೊಯ್ಲಿಗೆ ಬಂದು ಗಣತಿದಾರರ ಪಟ್ಟಿಗೆ ಸೇರಿದವರೂ ಅದೇ ಕೋಷ್ಟಕದಲ್ಲಿ ವಲಸಿಗರೇ. ಈ ಎರಡನ್ನೂ ಕೂಡಿಸಿ ಒಂದೇ ಮೊತ್ತವನ್ನು ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿದರೆ ಮರುದಿನದ ಸುದ್ದಿ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ. ಇ-ಶ್ರಮ್ ಪೋರ್ಟಲ್‌ನ ಅಂಕಿಯೂ ಇಂಥದ್ದೇ: 2021ರ ಆಗಸ್ಟ್‌ನಲ್ಲಿ ಆರಂಭವಾದ ಅದು ಅಸಂಘಟಿತ ಕಾರ್ಮಿಕರ ನೋಂದಣಿಯೇ ಹೊರತು, ಇಂದು ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿರುವವರ ಎಣಿಕೆಯಲ್ಲ. ವಿದೇಶೀಯರ ಲೆಕ್ಕದಲ್ಲೂ ನೀಡಿದ ವೀಸಾಗಳ ಸಂಖ್ಯೆ ಬೇರೆ, ಬಂದಿಳಿದವರ ಸಂಖ್ಯೆ ಬೇರೆ, ಸದ್ಯ ನೆಲೆಸಿರುವವರ ಸಂಖ್ಯೆ ಬೇರೆ.

ಆದ್ದರಿಂದ ಯಾರನ್ನು ಎಣಿಸಲಾಗಿದೆ, ಯಾವ ಅವಧಿಗೆ, ಎಣಿಸಿದವರು ಯಾರು, ಇದು ಒಂದು ದಿನದಂದು ಇದ್ದವರ ಲೆಕ್ಕವೋ ಒಂದು ಅವಧಿಯಲ್ಲಿ ಬಂದವರ ಲೆಕ್ಕವೋ ಎಂಬುದನ್ನು ಪ್ರತಿಯೊಂದು ಮುಖ್ಯ ಅಂಕಿಯ ಕೆಳಗೇ ಎರಡು ವಾಕ್ಯಗಳಲ್ಲಿ ಬರೆಯುವ ನಿಯಮ ಮಾಡಿಕೊಳ್ಳಬೇಕು. ಇದನ್ನು ಕೊನೆಯ ಪುಟದ ಅಡಿಟಿಪ್ಪಣಿಗೆ ತಳ್ಳಬಾರದು. ಅಂಕಿಯ ಚಿತ್ರ ತೆಗೆದು ವಾಟ್ಸಾಪ್‌ನಲ್ಲಿ ಹರಿಬಿಡುವವರು ಅಡಿಟಿಪ್ಪಣಿಯನ್ನು ಕಳಿಸುವುದಿಲ್ಲ.

ಇನ್ನು ಕಡತದ ರೂಪ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪಿಡಿಎಫ್ ಕಡತದಿಂದ ‘ಹಾಸನ’ ಎಂಬ ಪದವನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಹುಡುಕುತಾಣಗಳಿಗೂ ಕಾಣುವುದು ಅದೇ. ಆದುದರಿಂದ ಎಲ್ಲ ಪಠ್ಯವೂ, ಯಾವ ಗಣಕಯಂತ್ರವೂ ಒಂದೇ ರೀತಿ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿರಬೇಕು. ಕೋಷ್ಟಕವನ್ನು ಎಕ್ಸೆಲ್‌ನಿಂದ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ) ಕಡತವಾಗಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಎಂಬ ಆಯ್ಕೆಯನ್ನೇ ಒತ್ತಬೇಕು; ಬರೀ ‘ಸಿಎಸ್‌ವಿ’ ಎಂಬುದನ್ನು ಒತ್ತಿದರೆ ತಾಲ್ಲೂಕುಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಡುತ್ತವೆ. ಕನ್ನಡ ಅಂಕಿಗಳು ಓದಲು ಚೆಂದವಾದರೂ ಎಕ್ಸೆಲ್ ಅವುಗಳನ್ನು ಸಂಖ್ಯೆಯೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ದತ್ತಾಂಶದ ಕಡತದಲ್ಲಿ 1, 2, 3 ಎಂದೇ ಇರಲಿ, ಲಕ್ಷ ಸಾವಿರಗಳ ನಡುವಿನ ಅಲ್ಪವಿರಾಮವೂ ಬೇಡ. ಹಾಳೆಗೊಂದೇ ಕೋಷ್ಟಕ, ಮೊದಲ ಸಾಲಿನಲ್ಲಿ ಶೀರ್ಷಿಕೆಗಳು, ಮರ್ಜ್ ಮಾಡಿದ ಸೆಲ್ ಒಂದೂ ಇಲ್ಲ ಎಂಬಷ್ಟನ್ನು ಪಾಲಿಸಿದರೂ ಅರ್ಧ ಕೆಲಸ ಮುಗಿಯುತ್ತದೆ. ಮುದ್ರಣಕ್ಕೆ ಬೇಕಾದ ಚೆಂದದ ಪ್ರತಿಯನ್ನು ಬೇರೆಯಾಗಿ ಇಡಬಹುದು.

ಸ್ಥಳನಾಮಗಳ ಜೊತೆಗೆ ಸಂಕೇತ ಸಂಖ್ಯೆಯನ್ನೂ ಕೊಡಬೇಕು. 2014ರ ನವೆಂಬರ್ 1ರಂದು ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಹೆಸರೊಂದನ್ನೇ ನೆಚ್ಚಿಕೊಂಡು ಹಳೆಯ ಮತ್ತು ಹೊಸ ಕೋಷ್ಟಕಗಳನ್ನು ಜೋಡಿಸಲು ಹೊರಟರೆ ಗಣಕಯಂತ್ರ ಒಂದೇ ಜಿಲ್ಲೆಯನ್ನು ಎರಡೆಂದು ಬಗೆಯುತ್ತದೆ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರಿನ ಸಂಕೇತ 570, ಹಾಸನದ್ದು 574. ತಾಲ್ಲೂಕುಗಳಲ್ಲಿ ತೊಡಕು ಇನ್ನೂ ಹೆಚ್ಚು. ಮೂಡಿಗೆರೆಯಿಂದ ಕಳಸ, ತರೀಕೆರೆಯಿಂದ ಅಜ್ಜಂಪುರ ಬೇರೆಯಾಗಿರುವುದರಿಂದ, ಹೊಸ ಕೋಷ್ಟಕದಲ್ಲಿ ಮೂಡಿಗೆರೆಯ ವಲಸಿಗರು ಕಡಿಮೆ ಕಂಡರೆ ಅದು ಜನ ಬರುವುದು ನಿಂತದ್ದರಿಂದಲೋ ಗಡಿ ಬದಲಾದದ್ದರಿಂದಲೋ ಎಂಬುದು ಓದುಗರಿಗೆ ತಿಳಿಯದು. ಹಳೆಯ ಗಡಿಯ ಪ್ರಕಾರ ಕೂಡಿಸಿದ ಮೊತ್ತವನ್ನೂ ಪಕ್ಕದಲ್ಲೇ ಕೊಡಬೇಕು.

ಸಣ್ಣ ಸಂಖ್ಯೆಗಳ ವಿಷಯದಲ್ಲಿ ಎಚ್ಚರ ಬೇಕು. ಶೃಂಗೇರಿಯಂಥ ಚಿಕ್ಕ ತಾಲ್ಲೂಕಿನಲ್ಲಿ ಯಾವುದೋ ಒಂದು ರಾಜ್ಯದಿಂದ ಬಂದ ಮಹಿಳೆಯರು ಇಬ್ಬರೇ ಎಂದು ಪ್ರಕಟಿಸಿದರೆ ಆ ಇಬ್ಬರು ಯಾರೆಂಬುದು ಊರಿಗೆಲ್ಲ ಗೊತ್ತಾದಂತೆಯೇ. ಅಂಥ ಕಡೆ ‘5ಕ್ಕಿಂತ ಕಡಿಮೆ’ ಎಂದು ಬರೆಯುವುದು ವಾಡಿಕೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಮುಚ್ಚಿದ್ದು ಮತ್ತೆ ತೆರೆದುಕೊಳ್ಳುತ್ತದೆ. ಕೋಷ್ಟಕದ ಮೊತ್ತ 60 ಎಂದೂ ಉಳಿದ ತಾಲ್ಲೂಕುಗಳು ಕೂಡಿ 58 ಎಂದೂ ಇದ್ದರೆ ಕಳೆಯುವುದಷ್ಟೇ ಬಾಕಿ. ಆದ್ದರಿಂದ ಅದೇ ಸಾಲಿನಲ್ಲಿ ಇನ್ನೊಂದು ಸಂಖ್ಯೆಯನ್ನೂ ಮುಚ್ಚಬೇಕು, ಇಲ್ಲವೇ ಎರಡು ತಾಲ್ಲೂಕುಗಳನ್ನು ಒಟ್ಟಿಗೆ ತೋರಿಸಬೇಕು. ತೋಟದ ಹೆಸರನ್ನಂತೂ ಎಲ್ಲಿಯೂ ಹಾಕಕೂಡದು. ನಕ್ಷೆ, ಬಣ್ಣದ ಚಿತ್ರಗಳು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಷ್ಟವಿಲ್ಲ.

ಪ್ರಕಟಣೆಯ ದಿನವನ್ನು ಮೊದಲೇ ಘೋಷಿಸುವುದರಿಂದ ಅನುಮಾನಗಳು ಬಹಳಷ್ಟು ತಗ್ಗುತ್ತವೆ. ಬ್ರಿಟನ್ನಿನಲ್ಲಿ ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಬೆಳಿಗ್ಗೆ 9.30ಕ್ಕೆ ಎಲ್ಲರಿಗೂ ಏಕಕಾಲದಲ್ಲಿ ಬಿಡುಗಡೆ ಮಾಡುವ ಪದ್ಧತಿಯಿದೆ. ಪ್ರಕಟವಾದ ಮೇಲೆ ತಪ್ಪು ಕಂಡುಬಂದರೆ ಕಡತವನ್ನು ಸದ್ದಿಲ್ಲದೆ ಬದಲಿಸದೆ, ಯಾವ ಅಂಕಿ ಯಾವಾಗ ಬದಲಾಯಿತು, ಏಕೆ ಎಂಬುದನ್ನು ಅದೇ ಪುಟದಲ್ಲಿ ನಮೂದಿಸಬೇಕು. ಹಳೆಯ ಕೊಂಡಿಗಳೂ ಹಳೆಯ ಆವೃತ್ತಿಗಳೂ ಅಳಿಯಬಾರದು. ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ (ಜನಸಂಖ್ಯೆಯನ್ನು ಯಾವ ದಿನಕ್ಕೆ ಲೆಕ್ಕ ಹಾಕಲಾಗುತ್ತದೋ ಆ ದಿನ) 2027ರ ಮಾರ್ಚ್ 1 ಆಗಿರುವುದರಿಂದ, ಅದರ ಕೋಷ್ಟಕಗಳು ಬರುವಷ್ಟರಲ್ಲಿ ಈ ಚೌಕಟ್ಟು ಸಿದ್ಧವಿದ್ದರೆ 2011ರ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಜೋಡಿಸುವುದಷ್ಟೇ ಕೆಲಸವಾಗುತ್ತದೆ.

ಕಚೇರಿಯ ಹೊರಗಿನವರು ಈ ಬದಲಾವಣೆಯನ್ನು ಕೇಳುವುದಾದರೆ ಅದಕ್ಕೆ ಕಾನೂನಿನ ಆಧಾರವಿದೆ. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಪ್ರಕರಣವು ಮಾಹಿತಿಯನ್ನು ಸ್ವಯಂಪ್ರೇರಣೆಯಿಂದ ಪ್ರಕಟಿಸಬೇಕೆಂದೂ ಆಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಹೇಳುತ್ತದೆ. ಕೇಂದ್ರ ಸರ್ಕಾರದ ಕಚೇರಿಗಳ ಮಟ್ಟಿಗೆ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಹಂಚಿಕೊಳ್ಳುವುದಕ್ಕೆ 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯೂ ಇದೆ. ‘ವಲಸೆಯ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಉತ್ತರವಾಗಿ ಸ್ಕ್ಯಾನ್ ಮಾಡಿದ ಹಾಳೆಗಳ ಕಟ್ಟು ಬರುವ ಸಂಭವವೇ ಹೆಚ್ಚು. ಅದರ ಬದಲು ಯಾವ ಕೋಷ್ಟಕ, ಯಾವ ವರ್ಷಗಳು, ಯಾವ ತಾಲ್ಲೂಕುಗಳು ಎಂಬುದನ್ನು ಹೆಸರಿಸಿ, ಅದು ಕಚೇರಿಯಲ್ಲಿ ಎಕ್ಸೆಲ್ ಕಡತವಾಗಿಯೇ ಇದ್ದರೆ ಅದೇ ರೂಪದಲ್ಲಿ ಜಾಲತಾಣಕ್ಕೆ ಏರಿಸಬೇಕೆಂದು ಕೋರಿ, ಬೇಕಾದ ಶೀರ್ಷಿಕೆಗಳ ಖಾಲಿ ನಮೂನೆಯೊಂದನ್ನು ಅರ್ಜಿಯ ಜೊತೆಗೆ ಲಗತ್ತಿಸಬೇಕು.