ಗೋಡೆ ಕೆಡವಿದ ಮಣ್ಣಿಗೆ ಎಷ್ಟು ದೊಡ್ಡ ಗಾಡಿ ಬೇಕು?

ಶಿರಸಿಯ ಹಳೆಯ ಮನೆಯಲ್ಲಿ ಒಂದು ಚಿರೆಕಲ್ಲಿನ ಗೋಡೆ ಕೆಡವಿದ ಮೇಲೆ ಕಲ್ಲು, ಗಾರೆ, ಒಡೆದ ಹಂಚು ಮೂರು ವಾರ ಅಂಗಳದಲ್ಲೇ ಬಿದ್ದಿತ್ತು. ಗೋಣಿಚೀಲಗಳಲ್ಲಿ ತುಂಬಿ ಗೂಡ್ಸ್ ರಿಕ್ಷಾದಲ್ಲಿ ಕಳಿಸಿದೆ. ಐದು ಸುತ್ತಾದರೂ ಗುಡ್ಡೆ ಕರಗಲಿಲ್ಲ. ದೊಡ್ಡ ಟಿಪ್ಪರ್ ಕೇರಿಯ ತಿರುವು ದಾಟಲಾಗದೆ ಮರಳಿತು, ಬಾಡಿಗೆ ಮಾತ್ರ ಪೂರ್ತಿ. ‘ಒಂದು ಟ್ರ್ಯಾಕ್ಟರ್ ಸಾಕು’ ಎಂಬ ಮೇಸ್ತ್ರಿಯ ಅಂದಾಜೂ ಕೈಕೊಟ್ಟಿತು.

ಎರಡನೆಯ ಗೋಡೆಗೆ ಕೈಹಾಕುವ ಮೊದಲು ಟೇಪು ಹಿಡಿದೆ. ಉದ್ದ 20 ಅಡಿ, ಎತ್ತರ 10, ದಪ್ಪ 9 ಇಂಚು: 150 ಘನ ಅಡಿ. ಒಡೆದ ಕಲ್ಲು ನಡುವೆ ಸಂದು ಬಿಟ್ಟು ಕೂರುವುದರಿಂದ ಒಂದೂವರೆ ಪಟ್ಟು ಹಿಡಿದೆ: 225. ಮೇಸ್ತ್ರಿ ಮರೆತದ್ದು ಇದನ್ನೇ. ಟ್ರೇಲರಿನ ಒಳಅಳತೆ 10 ಅಡಿಗೆ 6 ಅಡಿ. 20 ಇಂಚು ತುಂಬಿದರೆ 100 ಘನ ಅಡಿ, ಅಂದರೆ ಮರಳು, ಜಲ್ಲಿ ಅಳೆಯುವ ಲೆಕ್ಕದಲ್ಲಿ ಒಂದು ಬ್ರಾಸ್. ಮೂರು ಸುತ್ತು ಬೇಕಿತ್ತು. ಇಡಿಯಾಗಿ ಬಂದ ಕಲ್ಲುಗಳನ್ನು ಕಾಂಪೌಂಡ್ ಕಟ್ಟಲು ತೆಗೆದಿಟ್ಟಾಗ ಎರಡಕ್ಕೇ ಮುಗಿಯಿತು.

ತುಂಬುವಾಗ ದೊಡ್ಡ ತುಂಡುಗಳನ್ನು ತಳಕ್ಕೆ ಹಾಸಿ, ಗಾರೆಪುಡಿಯನ್ನು ಕೊನೆಗೆ ಸುರಿಯಬೇಕು. ಅದು ಸಂದುಗಳಿಗೆ ಇಳಿಯುತ್ತದೆ. ರಾತ್ರಿ ಗುಡ್ಡೆಗೆ ತಾಡಪಾಲು ಹೊದಿಸಿ. ಚಿರೆಕಲ್ಲು ನೀರು ಕುಡಿದರೆ ಅಷ್ಟೇ ಮಣ್ಣಿಗೆ ಭಾರ ಹೆಚ್ಚು, ಚಾಲಕ ಅರ್ಧಕ್ಕೇ ಸಾಕೆನ್ನುತ್ತಾನೆ.