ಕೃತಕ ಡಿಸ್ಕ್ ಸರ್ಜರಿಗೆ ಇನ್ಶೂರೆನ್ಸ್ ಒಲ್ಲೆ ಎಂದಾಗ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಸೊಂಟದ ಡಿಸ್ಕ್ ಸವೆದು, ಮಾತ್ರೆ, ಫಿಸಿಯೋಥೆರಪಿ, ಇಂಜೆಕ್ಷನ್ ಎಲ್ಲ ಮುಗಿದ ಮೇಲೂ ನೋವು ಬಿಡದಿದ್ದರೆ ಇಲ್ಲಿನ ಸರ್ಜನ್‌ಗಳು ಸಾಮಾನ್ಯವಾಗಿ ಎರಡು ದಾರಿ ಹೇಳುತ್ತಾರೆ. ಒಂದು ಫ್ಯೂಷನ್, ಅಂದರೆ ಮೇಲಿನ ಕೆಳಗಿನ ಮೂಳೆಗಳನ್ನು ಒಂದಾಗಿ ಬೆಸೆಯುವುದು. ಇನ್ನೊಂದು, ಹಾಳಾದ ಡಿಸ್ಕ್ ತೆಗೆದು ಕೃತಕ ಡಿಸ್ಕ್ ಕೂರಿಸುವುದು. ಇದರಲ್ಲಿ ಆ ಜಾಗದ ಚಲನೆ ಉಳಿಯುತ್ತದೆ. ಈ ಎರಡನೆಯದನ್ನು ಕೇಳಿದಾಗಲೇ 'ಎಕ್ಸ್‌ಪೆರಿಮೆಂಟಲ್, ಇನ್ವೆಸ್ಟಿಗೇಷನಲ್', ಅಂದರೆ ಇನ್ನೂ ಪ್ರಯೋಗದ ಹಂತದ್ದು ಎಂದು ಬರೆದ ನಿರಾಕರಣೆ ಪತ್ರ ಮನೆಗೆ ಬರುವುದು.

ಆ ಪದ ನೋಡಿ ಎದೆಗುಂದಬೇಡಿ. ಸೊಂಟದ ಕೃತಕ ಡಿಸ್ಕ್‌ಗೆ ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಮೊದಲು ಒಪ್ಪಿಗೆ ಕೊಟ್ಟದ್ದು 2004ರಲ್ಲಿ. ಪ್ರೊಡಿಸ್ಕ್-ಎಲ್ ಎಂಬ ಬ್ರಾಂಡಿನ ಡಿಸ್ಕ್‌ಗೆ 2006ರಲ್ಲಿ, ಆ್ಯಕ್ಟಿವ್-ಎಲ್ ಎಂಬುದಕ್ಕೆ 2015ರಲ್ಲಿ. ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ 2007ರಲ್ಲಿ 60 ವರ್ಷ ದಾಟಿದವರಿಗೆ ಇದನ್ನು ಕೊಡುವುದಿಲ್ಲ ಎಂದಿತು. 60 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರ ವಿಷಯವನ್ನು ಆಯಾ ಪ್ರದೇಶದ ಗುತ್ತಿಗೆದಾರ ಸಂಸ್ಥೆಗಳಿಗೆ ಬಿಟ್ಟಿತು. ನಿಮ್ಮ ವಯಸ್ಸು 38 ಆಗಿದ್ದು ನಿರಾಕರಣೆ ಪತ್ರದಲ್ಲಿ ಮೆಡಿಕೇರ್ ತೀರ್ಮಾನವನ್ನೇ ಕಾರಣವಾಗಿ ತೋರಿಸಿದ್ದರೆ, ಅದು ನಿಮಗೆ ಅನ್ವಯಿಸುವುದಿಲ್ಲ ಎಂಬುದೇ ನಿಮ್ಮ ಮೊದಲ ಉತ್ತರ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ನಿಮ್ಮ ಪ್ಲಾನ್ 'ಸೆಲ್ಫ್ ಫಂಡೆಡ್' ಹೌದೋ ಅಲ್ಲವೋ ಎಂಬುದು. ಕಾರ್ಡ್ ನೋಡಿದರೆ ಗೊತ್ತಾಗುವುದಿಲ್ಲ, ಎರಡರಲ್ಲೂ ಇನ್ಶೂರೆನ್ಸ್ ಕಂಪನಿಯ ಹೆಸರೇ ಇರುತ್ತದೆ. ಎಚ್‌ಆರ್‌ಗೆ ಇಮೇಲ್‌ನಲ್ಲೇ ಕೇಳಿ. ಜೊತೆಗೆ ಪ್ಲಾನ್‌ನ ನಿಯಮಗಳನ್ನು ವಿವರಿಸುವ 'ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಷನ್' ಕಳಿಸಲು ಹೇಳಿ. ಲಿಖಿತವಾಗಿ ಕೇಳಿದ 30 ದಿನದೊಳಗೆ ಅದನ್ನು ಕೊಡಬೇಕು. ಸೆಲ್ಫ್ ಫಂಡೆಡ್ ಆದರೆ ದುಡ್ಡು ಕೊಡುವುದು ನಿಮ್ಮ ಕಂಪನಿಯೇ, ಕಂಪನಿಗಳು ಉದ್ಯೋಗಿಗಳಿಗೆ ಕೊಡುವ ಪ್ಲಾನ್‌ಗಳ ಕುರಿತ 1974ರ ಎರಿಸಾ ಕಾನೂನು ಸಾಮಾನ್ಯವಾಗಿ ಅನ್ವಯಿಸುತ್ತದೆ. ಸಹಾಯಕ್ಕೆ ಕಾರ್ಮಿಕ ಇಲಾಖೆಯ ಇಬ್ಸಾ ವಿಭಾಗವಿದೆ: 1-866-444-3272. ಕಂಪನಿ ಇನ್ಶೂರೆನ್ಸ್ ಕೊಂಡು ಕೊಟ್ಟಿದ್ದರೆ ದೂರು ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ. ಕನ್ಸಲ್ಟಿಂಗ್ ಕಂಪನಿ ಮೂಲಕ ಕ್ಲೈಂಟ್ ಆಫೀಸಿನಲ್ಲಿ ಕೆಲಸ ಮಾಡುವವರು ನೆನಪಿಡಿ, ನಿಮ್ಮ ಪ್ಲಾನ್ ಸಂಬಳ ಕೊಡುವ ಕಂಪನಿಯದು, ಕ್ಲೈಂಟ್‌ನದಲ್ಲ.

ಮುಂದಿನ ಕೆಲಸ, ಇನ್ಶೂರೆನ್ಸ್ ಕಂಪನಿಯ ವೆಬ್‌ಸೈಟಿನಲ್ಲಿ 'ಮೆಡಿಕಲ್ ಪಾಲಿಸಿ' ಹುಡುಕಿ ಸೊಂಟದ ಕೃತಕ ಡಿಸ್ಕ್ ಕುರಿತ ಪುಟಗಳನ್ನು ಪ್ರಿಂಟ್ ತೆಗೆಯುವುದು. ಸಾಮಾನ್ಯವಾಗಿ ಕೇಳುವುದು ಇಷ್ಟು: ಕನಿಷ್ಠ ಆರು ತಿಂಗಳ ಶಸ್ತ್ರಚಿಕಿತ್ಸೆಯಿಲ್ಲದ ಚಿಕಿತ್ಸೆ, ಎಂಆರ್‌ಐನಲ್ಲಿ ಒಂದೇ ಡಿಸ್ಕ್ ಕೆಟ್ಟಿರುವುದು, ಬೆನ್ನುಮೂಳೆಯ ಹಿಂಬದಿಯ ಫ್ಯಾಸೆಟ್ ಕೀಲುಗಳು ಚೆನ್ನಾಗಿರುವುದು, ಮೂಳೆ ಗಟ್ಟಿ ಇರುವುದು. ಪ್ರೊಡಿಸ್ಕ್-ಎಲ್‌ಗೆ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ಟಿ-ಸ್ಕೋರ್ ಮೈನಸ್ 1ಕ್ಕಿಂತ ಕೆಳಗಿದ್ದರೆ ಆಗುವುದಿಲ್ಲ. ಪ್ರತಿ ಷರತ್ತಿನ ಎದುರು ನಿಮ್ಮ ಯಾವ ವರದಿಯ ಯಾವ ಪುಟದಲ್ಲಿ ಉತ್ತರವಿದೆ ಎಂದು ಪೆನ್ನಿನಲ್ಲಿ ಬರೆಯಿರಿ. ಖಾಲಿ ಉಳಿದ ಸಾಲುಗಳೇ ನಿಮ್ಮ ನಿರಾಕರಣೆಗೆ ಕಾರಣವಾಗುವಂಥವು. ಸರ್ಜನ್ ಕಚೇರಿಯವರು ಇನ್ಶೂರೆನ್ಸ್‌ನ ಪೂರ್ವಾನುಮತಿಗೆ ಅರ್ಜಿ ಕಳಿಸುವ ಮೊದಲೇ ಅವನ್ನು ತುಂಬಿಸಿಕೊಳ್ಳಬೇಕು.

ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಡಾಕ್ಟರು "ಹೇಗಿದ್ದೀರಿ?" ಅಂದರೆ ಬಾಯಿಗೆ ಮೊದಲು ಬರುವುದು "ಪರವಾಗಿಲ್ಲ, ಹೇಗೋ ನಡೀತಿದೆ". ಅದು ಚಾರ್ಟ್‌ನಲ್ಲಿ 'ಸುಧಾರಿಸಿದೆ' ಎಂದಾಗುತ್ತದೆ, ಮೂರು ತಿಂಗಳ ನಂತರ ಅದೇ ಸಾಲನ್ನು ನಿರಾಕರಣೆ ಪತ್ರ ಎತ್ತಿ ತೋರಿಸುತ್ತದೆ. ಹಲ್ಲು ಕಚ್ಚಿ ಸಹಿಸುವುದು ಇಲ್ಲಿ ದಾಖಲೆಗೆ ಸೇರುವುದಿಲ್ಲ. ಹೀಗೆ ಹೇಳಿ: "20 ನಿಮಿಷಕ್ಕಿಂತ ಹೆಚ್ಚು ಕೂರಲು ಆಗುವುದಿಲ್ಲ. ರಾತ್ರಿ ಮೂರು ಸಲ ಎಚ್ಚರವಾಗುತ್ತದೆ. ಮಗುವನ್ನು ಎತ್ತಿಕೊಂಡು ಎರಡು ತಿಂಗಳಾಯಿತು." ನಿಮ್ಮ ಮಟ್ಟಿಗೆ ನಿಜವಾದದ್ದನ್ನೇ, ಅಳತೆಯೊಂದಿಗೆ. ಬೆನ್ನುನೋವಿನಿಂದ ದಿನದ ಕೆಲಸಕ್ಕೆ ಎಷ್ಟು ತೊಂದರೆ ಎಂದು ಅಳೆಯುವ, ಆಸ್ವೆಸ್ಟ್ರಿ ಎಂಬ ಹತ್ತು ಪ್ರಶ್ನೆಗಳ ಫಾರ್ಮ್ ಕೊಡುತ್ತಾರೆ, ಅಂಕ 0ಯಿಂದ 100, ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಪ್ರೊಡಿಸ್ಕ್-ಎಲ್ ಪ್ರಯೋಗಕ್ಕೆ ಸೇರಲು ಕನಿಷ್ಠ 40 ಬೇಕಿತ್ತು. ಹಲವು ಪಾಲಿಸಿಗಳು ಅದೇ ಗೆರೆಯನ್ನು ಹಿಡಿಯುತ್ತವೆ. ಆತುರದಲ್ಲಿ ಗುರುತು ಹಾಕಬೇಡಿ. ಪ್ರತಿ ಭೇಟಿಯಲ್ಲೂ ತುಂಬಿ ಪ್ರತಿ ಇಟ್ಟುಕೊಳ್ಳಿ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಾಡಿಸಿದ ಫಿಸಿಯೋಥೆರಪಿಯನ್ನೂ ತೋರಿಸಬಹುದು, ಆದರೆ ರಸೀದಿ ಸಾಲದು. ಲೆಟರ್‌ಹೆಡ್‌ನಲ್ಲಿ ಶುರುವಾದ ಮತ್ತು ಮುಗಿದ ದಿನಾಂಕ, ಎಷ್ಟು ಸಲ ಹೋದದ್ದು, ಯಾವ ವ್ಯಾಯಾಮ, ಫಲ ಏನು ಎಂದು ಬರೆಸಿ ತರಿಸಿ. ಪಂಚಕರ್ಮ, ಎಣ್ಣೆ ಚಿಕಿತ್ಸೆ ಹಿತ ಕೊಟ್ಟಿರಬಹುದು, ಆರು ತಿಂಗಳ ಲೆಕ್ಕಕ್ಕೆ ಅವನ್ನು ನೆಚ್ಚಿಕೊಳ್ಳಬೇಡಿ.

ಯಾವ ಸರ್ಜರಿ ಎಂದು ತಿಳಿಸಲು ಅರ್ಜಿಯಲ್ಲಿ ಹಾಕುವ ಕೋಡ್‌ಗಳನ್ನು ನೀವೇ ನೋಡಿ. ಸೊಂಟದ ಒಂದು ಡಿಸ್ಕ್‌ಗೆ 22857. ಎರಡನೆಯ ಡಿಸ್ಕ್‌ಗೆ 2023ರಿಂದ 22860. ಅದಕ್ಕೂ ಮುಂಚೆ ಇದ್ದದ್ದು 0163ಟಿ. 'ಟಿ' ಕೊನೆಯಲ್ಲಿರುವ ಕೋಡ್ ಅಂದರೆ ಹೊಸ ತಂತ್ರಜ್ಞಾನದ ತಾತ್ಕಾಲಿಕ ಕೋಡ್. ಹಳೆಯ ಕೋಡ್ ಹಾಕಿದರೆ ಅರ್ಜಿ ಅಲ್ಲೇ ಬಿದ್ದುಹೋಗಬಹುದು. ಪ್ರೊಡಿಸ್ಕ್-ಎಲ್‌ಗೆ ಎರಡು ಡಿಸ್ಕ್‌ಗಳ ಒಪ್ಪಿಗೆ 2020ರಲ್ಲೇ ಬಂದಿದ್ದರೂ 'ಒಂದೇ ಡಿಸ್ಕ್' ಎನ್ನುವ ಪಾಲಿಸಿಗಳು ಬಹಳ ಇವೆ. ಒಂದು ಡಿಸ್ಕ್, ಪಕ್ಕದಲ್ಲಿ ಫ್ಯೂಷನ್ ಎಂಬ ಹೈಬ್ರಿಡ್‌ಗೆ ಒಪ್ಪಿಸುವುದು ಇನ್ನೂ ಕಷ್ಟ. ಕುತ್ತಿಗೆಯ ಡಿಸ್ಕ್‌ಗೆ ಇಷ್ಟು ಜಗ್ಗಾಟ ಇರುವುದಿಲ್ಲ.

ನಿರಾಕರಣೆ ಬಂದ ದಿನವೇ ಸರ್ಜನ್‌ಗೆ 'ಪಿಯರ್ ಟು ಪಿಯರ್' ಕರೆ ಮಾಡಲು ಹೇಳಿ. ಅವರು ಇನ್ಶೂರೆನ್ಸ್‌ನ ಡಾಕ್ಟರ ಜೊತೆ ನೇರ ಮಾತಾಡುತ್ತಾರೆ. ಇದಕ್ಕೆ ಗಡುವು ಕೆಲವೇ ದಿನ, ಪತ್ರದಲ್ಲೇ ಇರುತ್ತದೆ. ಅದು ಫಲಿಸದಿದ್ದರೆ ಅಪೀಲು, ಅದಕ್ಕೆ 180 ದಿನ ಸಮಯವಿದೆ. ಬರೆಯುವ ಮುಂಚೆ 'ಕ್ಲೇಮ್ ಫೈಲ್', ಅಂದರೆ ನಿಮ್ಮ ಅರ್ಜಿಯ ಬಗ್ಗೆ ಅವರಲ್ಲಿರುವ ಕಡತ, ಪೂರ್ತಿ ಕೇಳಿ, ಉಚಿತವಾಗಿ ಕೊಡಲೇಬೇಕು. ನಿಮ್ಮ ಕಡತ ನೋಡಿದ ಡಾಕ್ಟರ ಹೆಸರನ್ನೂ ಕೇಳುವ ಹಕ್ಕಿದೆ. ಮೊದಲು ನಿರಾಕರಿಸಿದವರೇ ಅಪೀಲನ್ನು ನೋಡುವಂತಿಲ್ಲ, ಆ ವಿಷಯದಲ್ಲಿ ತರಬೇತಾದವರ ಅಭಿಪ್ರಾಯ ಪಡೆಯಬೇಕು.

ಅಪೀಲಿನಲ್ಲಿ ಕಷ್ಟ ತೋಡಿಕೊಳ್ಳುವುದಕ್ಕಿಂತ ಅವರ ವಾಕ್ಯಕ್ಕೆ ನಿಮ್ಮ ಉತ್ತರ ಮುಖ್ಯ. "ನಿಮ್ಮ ಪತ್ರ: ಆರು ತಿಂಗಳ ಚಿಕಿತ್ಸೆಯ ದಾಖಲೆ ಇಲ್ಲ. ಉತ್ತರ: 14ರಿಂದ 22ನೇ ಪುಟ, ಫಿಸಿಯೋಥೆರಪಿ 18 ಭೇಟಿ, 23ನೇ ಪುಟ, ಎರಡು ಇಂಜೆಕ್ಷನ್." ಹೀಗೆ ಸಾಲಿಗೊಂದು. ಫ್ಯೂಷನ್ ನಿಮಗೆ ಏಕೆ ಸರಿಯಲ್ಲ ಎಂದು ಸರ್ಜನ್ ಪ್ರತ್ಯೇಕ ಪತ್ರ ಬರೆಯಬೇಕು, ಹೆಸರು ಬದಲಿಸಿ ಎಲ್ಲರಿಗೂ ಕೊಡುವ ಪತ್ರ ಬೇಡ. ಫ್ಯಾಕ್ಸ್ ಮಾಡಿದರೆ ದೃಢೀಕರಣದ ಹಾಳೆ, ಫೋನ್ ಮಾಡಿದರೆ ಕಾಲ್ ರೆಫರೆನ್ಸ್ ನಂಬರ್ ಇಟ್ಟುಕೊಳ್ಳಿ.

ಸರ್ಜರಿಗೆ ಮುಂಚಿನ ಅಪೀಲಿಗೆ ಒಟ್ಟು 30 ದಿನದಲ್ಲಿ ಉತ್ತರ ಬರಬೇಕು. ಪ್ಲಾನ್‌ನಲ್ಲಿ ಎರಡು ಹಂತವಿದ್ದರೆ ಹಂತಕ್ಕೆ 15 ದಿನ. ಅಲ್ಲೂ ಸೋತರೆ ನಾಲ್ಕು ತಿಂಗಳೊಳಗೆ 'ಎಕ್ಸ್‌ಟರ್ನಲ್ ರಿವ್ಯೂ', ಅಂದರೆ ಹೊರಗಿನವರ ಪರಿಶೀಲನೆ ಕೇಳಿ. ಪ್ಲಾನ್‌ಗೆ ಸಂಬಂಧವಿಲ್ಲದವರು 45 ದಿನದಲ್ಲಿ ತೀರ್ಪು ಕೊಡುತ್ತಾರೆ, ಪ್ಲಾನ್ ಅದಕ್ಕೆ ತಲೆಬಾಗಲೇಬೇಕು. ಬಹಳ ಜನ ಒಳಗಿನ ಅಪೀಲಿಗೇ ಸುಸ್ತಾಗಿ ಇದನ್ನು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಒಂದು ತೊಡಕು: ಪ್ಲಾನ್ ದಾಖಲೆಯಲ್ಲೇ ಈ ಸರ್ಜರಿಯನ್ನು ಹೆಸರು ಹಿಡಿದು ಹೊರಗಿಟ್ಟಿದ್ದರೆ ಈ ದಾರಿ ಬಹುಪಾಲು ಮುಚ್ಚಿರುತ್ತದೆ. ಆಗ ಸೆಲ್ಫ್ ಫಂಡೆಡ್ ಆದವರು ಎಚ್‌ಆರ್ ಮೂಲಕ ವಿನಾಯಿತಿ ಕೇಳಬೇಕು, ಇಲ್ಲವೇ ವರ್ಷಕ್ಕೊಮ್ಮೆ ಪ್ಲಾನ್ ಆಯ್ದುಕೊಳ್ಳುವ ಓಪನ್ ಎನ್‌ರೋಲ್ಮೆಂಟ್‌ನಲ್ಲಿ ಬೇರೆ ಪ್ಲಾನ್ ಹುಡುಕಬೇಕು.

ನಡುವೆ ಕೆಲಸ ಬದಲಿಸಿದರೆ ಸಿಕ್ಕ ಅನುಮತಿ ಹೊಸ ಪ್ಲಾನ್‌ಗೆ ಬರುವುದಿಲ್ಲ, ಡಿಡಕ್ಟಿಬಲ್ (ಪ್ಲಾನ್ ಕೊಡಲು ಶುರುಮಾಡುವ ಮೊದಲು ನೀವೇ ಕಟ್ಟುವ ಮೊತ್ತ) ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ. ಕೆಲಸ ಹೋದರೆ, ಹಳೆಯ ಪ್ಲಾನನ್ನೇ ಮುಂದುವರಿಸುವ ಕೋಬ್ರಾ ಆಯ್ದುಕೊಳ್ಳಲು 60 ದಿನ ಇರುತ್ತದೆ, ಸಾಮಾನ್ಯವಾಗಿ 18 ತಿಂಗಳು ಸಿಗುತ್ತದೆ, ಆದರೆ ಪ್ರೀಮಿಯಂನ 102 ಶೇಕಡದವರೆಗೆ ನೀವೇ ಕಟ್ಟಬೇಕು. ಎಚ್1ಬಿಯವರಿಗೆ ವೀಸಾದ ಗರಿಷ್ಠ 60 ದಿನದ ಗಡುವೂ ಜೊತೆಗೇ ಓಡುತ್ತಿರುತ್ತದೆ.

ಅನುಮತಿ ಬಂದ ಮೇಲೂ ಎರಡು ಫೋನ್ ಬಾಕಿ. ಈ ಸರ್ಜರಿ ಹೊಟ್ಟೆಯ ಕಡೆಯಿಂದ ನಡೆಯುತ್ತದೆ. ದೊಡ್ಡ ರಕ್ತನಾಳಗಳನ್ನು ಸರಿಸಿ ದಾರಿ ಮಾಡಿಕೊಡಲು ಸಾಮಾನ್ಯವಾಗಿ ಇನ್ನೊಬ್ಬ ಸರ್ಜನ್ ಇರುತ್ತಾರೆ, ನರಗಳ ಮೇಲೆ ನಿಗಾ ಇಡುವ ನ್ಯೂರೋಮಾನಿಟರಿಂಗ್ ತಂಡವೂ ಇರಬಹುದು. ಇವರು ನೆಟ್‌ವರ್ಕ್‌ನಲ್ಲಿ, ಅಂದರೆ ನಿಮ್ಮ ಪ್ಲಾನ್ ಜೊತೆ ಒಪ್ಪಂದ ಇರುವವರ ಪಟ್ಟಿಯಲ್ಲಿ ಇದ್ದಾರೆಯೇ, ಅವರ ಕೋಡ್‌ಗಳಿಗೂ ಅನುಮತಿ ಇದೆಯೇ ಎಂದು ಕೇಳಿ. 2022ರ ಜನವರಿಯಿಂದ ಜಾರಿಯಲ್ಲಿರುವ ನೋ ಸರ್‌ಪ್ರೈಸಸ್ ಕಾಯ್ದೆಯಲ್ಲಿ ನೆಟ್‌ವರ್ಕ್ ಹೊರಗಿನವರ ಅನಿರೀಕ್ಷಿತ ಬಿಲ್‌ಗಳಿಂದ ರಕ್ಷಣೆ ಇದೆ. ಆದರೂ ಹೆಚ್ಚುವರಿ ಬಿಲ್‌ಗೆ ಒಪ್ಪುವ ಫಾರ್ಮ್ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ. ಅನುಮತಿ ಪತ್ರದ ಕೊನೆಯ ದಿನಾಂಕವನ್ನೂ ನೋಡಿ. ಸರ್ಜರಿ ಎರಡು ವಾರ ಮುಂದಕ್ಕೆ ಹೋಗಿ ಆ ದಿನ ದಾಟುವಂತಿದ್ದರೆ, ಆಸ್ಪತ್ರೆಗೆ ಹೋಗುವ ಮೊದಲೇ ಸರ್ಜನ್ ಕಚೇರಿಯಿಂದ ಅದನ್ನು ವಿಸ್ತರಿಸಿಕೊಳ್ಳಿ.